ಸಾಸಿವೆಯ ಹೂವೂ ದುಂಬಿಯ ಉಪಕಾರವೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಾಠ ಹೇಳುವ ನಾವು ಈ ವೇದಿಕೆಯಲ್ಲಿ ಹುಳುಗಳ ವಿಷಯವನ್ನು ಎತ್ತಿಕೊಂಡುದು ಕೆಲವರಿಗೆ ಸೋಜಿಗವೆನಿಸಬಹುದು. ಪಂಪನಿಂದ ಮೊದಲುಗೊಂಡು ನಮ್ಮ ಕವಿಗಳು ದುಂಬಿಯನ್ನು ಮನದಣಿಯೆ ಬಣ್ಣಿಸಿದ್ದಾರೆ. ಅದರ ಹಾಡನ್ನು ಮೆಚ್ಚಿದ ನಾವು ಅದರ ದುಡಿಮೆಯನ್ನೂ ಅರಿಯಬೇಕೆಂಬುದೇ ನಮ್ಮ ಉದ್ದೇಶ.

ಹಿಂಗಾರಿಯಲ್ಲಿ ಜೋಳ, ಕಡಲೆ, ಕುಸುಬೆಗಳ ನಡುವೆ ಅಲ್ಲಲ್ಲಿ ಸಾಸಿವೆಯ ಸಾಲುಗಳು ಅರಳುತ್ತವೆ. ಅದರ ಹೂವಿಗೆ ನಾಲ್ಕು ಎಸಳು, ಆರು ಕೇಸರ. ಕೇಸರಗಳಲ್ಲಿ ನಾಲ್ಕು ನೀಳ, ಎರಡು ಗಿಡ್ಡ. ಬುಡದಲ್ಲಿ ಮಕರಂದದ ಗ್ರಂಥಿಗಳಿವೆ. ಆ ಸವಿಯನ್ನರಸಿ ಹೆಜ್ಜೇನು, ತುಡುವೆ, ಕೋಲುಜೇನುಗಳು ಬರುತ್ತವೆ. ಅವು ತಲೆಬಾಗಿ ಹೀರುವಾಗ ಪರಾಗವು ಮೈಗಂಟಿ, ಮುಂದಿನ ಹೂವಿನ ಶಲಾಕಾಗ್ರವನ್ನು ಸೇರುತ್ತದೆ. ಹೂನೊಣವೂ ಬರುತ್ತದೆ; ಅದರ ಮರಿಗಳು ಸಾಸಿವೆಯ ರಸ ಹೀರುವ ಹೇನುಗಳನ್ನು ತಿಂದು ಇಮ್ಮಡಿ ಉಪಕಾರ ಮಾಡುತ್ತವೆ.

ನಮ್ಮ ಸಾಸಿವೆ ಸ್ವಂತ ಪರಾಗದಿಂದಲೂ ಕಾಯಿ ಕಟ್ಟಬಲ್ಲುದು. ಆದರೂ ಜೇನು ಸುಳಿದರೆ ಫಸಲು ಹೆಚ್ಚುವುದುಂಟು. ಉತ್ತರದೇಶದ ತೋರಿಯಾ ಸಾಸಿವೆಗಾದರೋ ಸ್ವಂತ ಪರಾಗ ಒಗ್ಗದು. ನೆರೆಗಿಡದ ಪರಾಗವೇ ಬೇಕು.

೨೦೨೨ರಲ್ಲಿ ಭೌಗೋಳಿಕ ಗುರುತು ಪಡೆದ ತಾಂಡೂರಿನ ತೊಗರಿಯನ್ನು ನೀವೆಲ್ಲ ಬಲ್ಲಿರಿ. ತೊಗರಿಯ ಹೂವಿಗೂ ಜೇನು, ಎಲೆ ಕತ್ತರಿಸುವ ದುಂಬಿ ಮೊದಲಾದವು ಬರುತ್ತವೆ. ನಮ್ಮ ಜಿಲ್ಲೆಯ ಪಟಾನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯು ಸಂಕರ ತೊಗರಿಯನ್ನು ಸಾಧಿಸಿತು. ಅದರ ಬೀಜೋತ್ಪಾದನೆಯಲ್ಲಿ ಹೆಣ್ಣಾಗಿ ನಿಲ್ಲುವ ಗಿಡಕ್ಕೆ ಪರಾಗವಿಲ್ಲ. ದುಂಬಿ ತಂದುಕೊಟ್ಟರೆ ಉಂಟು. ಅಷ್ಟು ದೊಡ್ಡ ವಿಜ್ಞಾನವೂ ಕೊನೆಗೆ ಈ ಕಿರಿಯ ಜೀವಿಯ ಬಾಗಿಲಲ್ಲೇ ನಿಲ್ಲಬೇಕಾಯಿತು!

ಇಂತಹ ಉಪಕಾರಿಗೆ ನಾವು ಕೊಡುತ್ತಿರುವುದೇನು? ಕಾಯಿಕೊರಕಕ್ಕೆಂದು ಹೂಬಿಟ್ಟ ಹೊಲಕ್ಕೆ ಹಾಡುಹಗಲೇ ವಿಷ ಸಿಂಪಡಿಸುತ್ತೇವೆ. ಜೇನಿಗಾಗಿ ಬೆಂಕಿಯಿಟ್ಟು ಹುಟ್ಟನ್ನೇ ಸುಡುತ್ತೇವೆ. ಕೀಟದ ಹಾವಳಿ ಸುಳ್ಳಲ್ಲ, ಸಾಲ ಮಾಡಿ ಬಿತ್ತಿದ ರೈತನ ಸಂಕಟವನ್ನು ನಾವು ಹಗುರಾಗಿ ಕಾಣುವವರಲ್ಲ. ಆದರೆ ಹೂವು ತುಂಬಿರುವಾಗ ಔಷಧಿಯ ಕೈ ತಡೆಯಿರಿ. ಅನಿವಾರ್ಯವಾದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ. ಬದುವಿನ ಗಿಡಗಳನ್ನು ಉಳಿಸಿರಿ. ಇದಕ್ಕೆ ಹಣ ಬೇಡ, ಮನಸ್ಸು ಸಾಕು.

ಬೀದರ ತಾಲ್ಲೂಕಿನಲ್ಲಿದ್ದ ನ್ಯಾಲ್ಕಲ್ ಭಾಗವು ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೆದಕ್ ಜಿಲ್ಲೆಗೆ ಸೇರಿತು. ೨೦೧೬ರಿಂದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಜೇನಿಗೆ ಈ ಗಡಿಗಳಿಲ್ಲ. ಅತ್ತಲ ಹೊಲದ ವಿಷ ಇತ್ತಲ ಹುಟ್ಟನ್ನು ಬರಿದುಮಾಡುತ್ತದೆ; ಇತ್ತ ಬೆಳೆದ ಹುಟ್ಟು ಅತ್ತಲ ಹೊಲವನ್ನೂ ತಣಿಸುತ್ತದೆ. ಆದುದರಿಂದ ಕನ್ನಡ, ತೆಲುಗು ಎಂಬ ಭೇದವಿಲ್ಲದೆ ನೆರೆಹೊರೆಯವರು ಕೂಡಿಯೇ ಇದನ್ನು ಕಾಯಬೇಕು.

ತುಡುವೆ, ಕೋಲುಜೇನು ಎಂಬ ಹೆಸರುಗಳನ್ನು ನಮ್ಮ ಮಕ್ಕಳಿಗೆ ಹೊಲದಲ್ಲೇ ನಿಂತು ಕಲಿಸೋಣ. ನುಡಿಯೂ ಉಳಿದೀತು, ಜೇನೂ ಉಳಿದೀತು.