ಬರಿಗಾಲು ಮತ್ತು ಸೂಜಿಮದ್ದು
(ಚಿಕ್ಕಬಳ್ಳಾಪುರದಲ್ಲಿ ಹಾಸ್ಟೆಲ್ ಹುಡುಗರ ಮುಂದೆ ಆಡಿದ ಮಾತು)



ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಹಿಪ್ಪುನೇರಳೆ ತೋಟ ಗೊತ್ತು. ಕಡ್ಡಿ ಕೊಯ್ದ ಮೇಲೆ ಉಳಿಯುವ ಮೋಟು ಭರ್ಜಿ ಇದ್ದಂಗಿರುತ್ತೆ. ಕೆಳಗೆ ತಿಪ್ಪೆಗೊಬ್ಬರ. ಅಲ್ಲಿ ಬರಿಗಾಲಲ್ಲಿ ಕೂಲಿಗೆ ಇಳಿಯುವವರು ಯಾರು? ನಿಮ್ಮಮ್ಮ, ನಮ್ಮಮ್ಮ. ಅವರ ಹಿರಿಯರು ಮೇಲುಕೇರಿಯಲ್ಲಿ ಚಪ್ಪಲಿ ಮೆಟ್ಟೋ ಹಂಗೇ ಇರಲಿಲ್ಲ.

ತುಕ್ಕು ಹಿಡಿದ ಮೊಳೆಯಿಂದ ಧನುರ್ವಾಯು ಬರುತ್ತೆ ಅಂತಾರೆ. ತಪ್ಪು ತುಕ್ಕಿನದಲ್ಲ. ಮಣ್ಣಲ್ಲಿ, ಸಗಣಿ ಲದ್ದಿಯಲ್ಲಿ ಈ ರೋಗದ ಬೀಜಾಣು ವರ್ಷಗಟ್ಟಲೆ ಸಾಯದೆ ಬಿದ್ದಿರುತ್ತದೆ. ಗಾಳಿಯಾಡದ ಆಳದ ಗಾಯ ಸಿಕ್ಕರೆ ಮೊಳೆತು ವಿಷ ಕಕ್ಕುತ್ತದೆ. ವಿಷ ನರ ಹಿಡಿದು ಬೆನ್ನುಹುರಿಗೆ ಏರಿ, ಬಿಗಿದ ಸ್ನಾಯುವಿಗೆ 'ಸಡಿಲಾಗು' ಅನ್ನುವ ಸುದ್ದಿ ತಲುಪದಂತೆ ಮಾಡುತ್ತದೆ. ದವಡೆ ಕಚ್ಚಿಕೊಳ್ಳುತ್ತೆ, ಮೈ ಬಿಲ್ಲಿನಂತೆ ಬಾಗುತ್ತೆ. ಹೆಸರು ಬಂದದ್ದೇ ಹಾಗೆ.

ಈ ವಿಷಕ್ಕೆ ರಕ್ತದಲ್ಲೇ ಪ್ರತಿವಿಷ ಹುಟ್ಟುತ್ತದೆಂದು 1890ರಲ್ಲಿ ಬೇರಿಂಗ್, ಕಿಟಸಾಟೊ ಬರ್ಲಿನ್ನಿನಲ್ಲಿ ತೋರಿಸಿದರು. ಆಮೇಲೆ ಬಂದವರು ಫಾರ್ಮಲಿನ್ ಹಾಕಿ ವಿಷದ ಹಲ್ಲು ಕಿತ್ತು ಚಹರೆ ಮಾತ್ರ ಉಳಿಸಿದರು. ಅದೇ ಸೂಜಿಮದ್ದು. ಚಹರೆ ಕಂಡ ಮೈ ಪ್ರತಿವಿಷ ಕೂಡಿಟ್ಟುಕೊಳ್ಳುತ್ತದೆ. ಕಾಲ ಕಳೆದಂತೆ ಅದು ಇಳಿಯುತ್ತೆ, ಅದಕ್ಕೇ ಮತ್ತೆ ಮತ್ತೆ ಚುಚ್ಚಿಸೋದು. ರೋಗ ಬಂದು ಬದುಕಿದವನಿಗೂ ರಕ್ಷಣೆ ಹುಟ್ಟೋದಿಲ್ಲ: ಮನುಷ್ಯನನ್ನು ಕೊಲ್ಲಲು ಸಾಕಾಗುವಷ್ಟು ವಿಷ ಮೈಗೆ ಪಾಠ ಕಲಿಸಲು ಸಾಲದು! ಇದು ದಡಾರದಂತೆ ಒಬ್ಬರಿಂದೊಬ್ಬರಿಗೆ ಅಂಟೋದೂ ಅಲ್ಲ. ಹಾಗಾಗಿ ಗೌಡರ ಮನೆಯವರು ಹಾಕಿಸಿಕೊಂಡ ಸೂಜಿ ನಮ್ಮ ಕೇರಿಯನ್ನು ಕಾಯೋದಿಲ್ಲ.

ಇನ್ನೊಬ್ಬರಿಗೆ ಕೊಡಬಲ್ಲವಳು ಬಸುರಿ ಒಬ್ಬಳೇ. ಅವಳ ಪ್ರತಿವಿಷ ಹೊಟ್ಟೆಯ ಕೂಸಿಗೆ ಇಳಿಯುತ್ತದೆ. ಕುಡುಗೋಲಲ್ಲಿ ಹೊಕ್ಕುಳಬಳ್ಳಿ ಕೊಯ್ದು ಸಗಣಿ, ಬೂದಿ ಮೆತ್ತುತ್ತಿದ್ದ ದಿನಗಳಲ್ಲಿ, ಮೊಲೆ ಬಿಟ್ಟು ಸೆಟೆದು ಸತ್ತ ಕೂಸುಗಳನ್ನು 'ಗಾಳಿ ಸೋಕಿತು' ಅಂತ ಹೂಳಿದರು. ಬೈಗುಳ ಸೂಲಗಿತ್ತಿಗೆ ಬಿತ್ತು. 1980ರ ದಶಕದ ಕೊನೆಗೂ ದೇಶದಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದಿಂದ ಎರಡು ಲಕ್ಷ ಕೂಸುಗಳಿಗೆ ಇದು ಬರುತ್ತಿತ್ತೆಂದು ಅಂದಾಜು. 2015ರಲ್ಲಿ, ಪ್ರತಿ ಜಿಲ್ಲೆಯಲ್ಲೂ ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆ ಅಂತ ಘೋಷಣೆಯಾಯಿತು. ಬಸುರಿಯರ ಸೂಜಿ, ಆಸ್ಪತ್ರೆ ಹೆರಿಗೆ ಎರಡೂ ಸೇರಿ ಆದ ಕೆಲಸ. ಮಣ್ಣಿನ ಬೀಜಾಣು ಮಾತ್ರ ಅಲ್ಲೇ ಇದೆ.

ಈಗ ಟಿಟಿ ಬದಲು ಟಿಡಿ, ಗಂಟಲಮಾರಿಗೂ ಸೇರಿಸಿ. 10ಕ್ಕೊಂದು, 16ಕ್ಕೊಂದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಸಿಲ್ಲ. ಮಣ್ಣು ಸಗಣಿ ಹೊಕ್ಕ ಗಾಯಕ್ಕೆ, ಹಿಂದಿನ ಸೂಜಿಗೆ 5 ವರ್ಷ ದಾಟಿದ್ದರೆ, ಮತ್ತೊಂದು. ನಿಮಗೆ ಶಾಲೆಯಲ್ಲಿ ಚುಚ್ಚಿರಬಹುದು. ಶಾಲೆ ಬಿಟ್ಟು ಗೌರಿಬಿದನೂರಿನಲ್ಲಿ ಇಟ್ಟಿಗೆ ಹೊರುವ ತಮ್ಮನಿಗೆ? ಹಬ್ಬಕ್ಕೆ ಊರಿಗೆ ಹೋದಾಗ ಅವನನ್ನ ಕರಕೊಂಡು ಹೋಗಿ. ಅಮ್ಮನನ್ನೂ.