ಸಮವಸ್ತ್ರ ಕಳಚಿದ ಮೇಲಿನ ವರ್ಷಗಳು



ಮಲೆನಾಡಿನ ಮನೆಗಳಲ್ಲಿರುವಂತೆಯೇ ವಿಜಯಪುರ ನಗರದ ಓಣಿಗಳಲ್ಲಿ, ತಿಕೋಟಾ ಮತ್ತು ಬಬಲೇಶ್ವರದ ಒಕ್ಕಲು ಮನೆಗಳಲ್ಲಿ ಸಮವಸ್ತ್ರ ಧರಿಸಿದ ತರುಣನೊಬ್ಬನ ಭಾವಚಿತ್ರ ಪಡಸಾಲೆಯ ಗೋಡೆಯ ಮೇಲೆ ಕಾಣುವುದುಂಟು. ಅಜ್ಜನೋ, ದೊಡ್ಡಪ್ಪನೋ, ಸೋದರಮಾವನೋ. ಮಕ್ಕಳು ಕೇಳಿದರೆ ‘ಮಿಲಿಟರಿಯಲ್ಲಿದ್ದರು’ ಎಂಬ ಉತ್ತರ ದೊರೆಯುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಆದರೆ ಭಾವಚಿತ್ರದಲ್ಲಿರುವುದು ಆ ಬದುಕಿನ ಕಿರಿದಾದ ಭಾಗ. 15 ವರ್ಷಗಳ ಸೇವೆ ಪೂರೈಸಿದ ಜವಾನನು ಪಿಂಚಣಿಗೆ ಅರ್ಹನಾಗುತ್ತಿದ್ದನು. ನಲವತ್ತರ ಆಸುಪಾಸಿನಲ್ಲಿಯೇ ಊರಿಗೆ ಮರಳುವವರು ಅನೇಕರು. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ಬಹುಪಾಲು ತರುಣರ ಸೇವಾವಧಿ ನಾಲ್ಕೇ ವರ್ಷ. ಅಂದರೆ ಸೇನೆಯ ನಂತರದ ಬದುಕು ಇನ್ನಷ್ಟು ದೀರ್ಘವಾಯಿತು.

ಸೈನಿಕ ಬಂಧುವೊಬ್ಬನ ಸ್ಮರಣೆಗೆ ಕನ್ನಡ ನಾಡಿನಲ್ಲಿ ಎಲ್ಲರಿಗೂ ತಿಳಿದ ನಿದರ್ಶನ ಕೊಡಗಿನದು. ಶನಿವಾರಸಂತೆಯಲ್ಲಿ ಹುಟ್ಟಿ ಮಡಿಕೇರಿಯಲ್ಲಿ ಓದಿದ ಕೆ.ಎಂ. ಕಾರ್ಯಪ್ಪನವರು 1919ರಲ್ಲಿ ಸೇನಾಧಿಕಾರಿಯಾದರು. 1949ರ ಜನವರಿ 15ರಂದು ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಇಂದಿಗೂ ಸೇನಾ ದಿನ. 1953ರ ಜನವರಿಯಲ್ಲಿ ನಿವೃತ್ತಿ, 1993ರ ಮೇ 15ರಂದು ನಿಧನ. ಸಮವಸ್ತ್ರದಲ್ಲಿ ಕಳೆದದ್ದು 33 ವರ್ಷ, ಅದನ್ನು ಕಳಚಿದ ಮೇಲೆ ಬದುಕಿದ್ದು 40 ವರ್ಷ. ಪಠ್ಯಪುಸ್ತಕಗಳಿಗೆ ಮೊದಲ ಭಾಗವಷ್ಟೇ ಸಾಕಾಗಿದೆ.

ಆ ನಲವತ್ತು ವರ್ಷಗಳಲ್ಲಿ ಅವರು ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಗೆ ರಾಯಭಾರಿಯಾಗಿ ಹೋಗಿಬಂದರು. 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘವನ್ನು ಸ್ಥಾಪಿಸಿದರು. 1971ರ ಲೋಕಸಭಾ ಚುನಾವಣೆಯಲ್ಲಿ ಮುಂಬಯಿಯಿಂದ ಸ್ಪರ್ಧಿಸಿ ಸೋತರು. ರಾಜಕೀಯದ ಬಗೆಗೆ ಅವರಾಡಿದ ಕೆಲವು ಮಾತುಗಳು ಟೀಕೆಗೂ ಗುರಿಯಾದವು. ಸ್ಮರಣೆಯಲ್ಲಿ ಇದನ್ನು ಮರೆಮಾಚುವ ಅಗತ್ಯವಿಲ್ಲ.

1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಕೆ.ಸಿ. ಕಾರ್ಯಪ್ಪ, ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮೊದಲು ತಂದೆಯ ಕೈಕೆಳಗೆ ಸೇವೆ ಸಲ್ಲಿಸಿದವರು. ಮಗನನ್ನು ಬಿಡಿಸುವ ಮಾತು ಬಂದಾಗ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರೂ ತಮಗೆ ಮಕ್ಕಳೇ, ಒಬ್ಬನಿಗೆ ವಿಶೇಷ ಸೌಲಭ್ಯ ಬೇಡ ಎಂಬರ್ಥದ ಉತ್ತರ ಕಳುಹಿಸಿದರೆಂಬುದು ಪ್ರಸಿದ್ಧ. ತಂದೆಗೆ ಅದು ಕರ್ತವ್ಯ. ಸೆರೆಮನೆಯಲ್ಲಿದ್ದ ಮಗನಿಗೆ? ಆ ಮಗನೇ ಬಿಡುಗಡೆಯಾಗಿ ಬಂದು, ಮುಂದೆ ಏರ್ ಮಾರ್ಷಲ್ ಪದವಿಗೇರಿ, ತಂದೆಯ ಜೀವನಚರಿತ್ರೆಯನ್ನು ಬರೆದರು. ಬಂಧುವಿನ ಬರಹಕ್ಕೆ ಬೆಲೆ ಬರುವುದು ಇಲ್ಲಿ. ಅದರ ನೋವಿನ ಪಾಲನ್ನು ಉಂಡವರೇ ಅದನ್ನು ಬರೆಯುತ್ತಾರೆ.

ಮಾಜಿ ಸೈನಿಕರ ದುಡಿಮೆ ಗುಡ್ಡನಾಡಿಗೆ ಆಸರೆಯಾದ ದಾಖಲೆಯೂ ಇದೆ. ಸುಣ್ಣಕಲ್ಲಿನ ಗಣಿಗಳಿಂದ ಬೋಳಾಗಿದ್ದ ಮಸ್ಸೂರಿ ಬೆಟ್ಟಗಳಲ್ಲಿ ಗಿಡ ನೆಡಲು 1982ರಲ್ಲಿ ಗಢವಾಲದ ನಿವೃತ್ತ ಸೈನಿಕರದೇ ಒಂದು ಪ್ರಾದೇಶಿಕ ಸೇನಾ ಪಡೆ ರಚಿತವಾಯಿತು. ತಮ್ಮೂರಿನ ಇಳಿಜಾರುಗಳನ್ನು ಬಲ್ಲವರು ಅವರು. ಶಿಸ್ತು ಸೇನೆಯದು, ಮಣ್ಣಿನ ತಿಳಿವಳಿಕೆ ಮನೆಯದು.

ವಿಜಯಪುರದ ಸೈನಿಕ ಮರಳುವ ನೆಲ ಬೇರೆಯೇ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿದರೆ ಅಲ್ಲಿ ಸುಮಾರು 600. ಆದಿಲಶಾಹಿಗಳು ತಾಜ್ ಬಾವಡಿಯನ್ನೂ ಬೇಗಂ ತಲಾಬನ್ನೂ ಕಟ್ಟಿಸಿದ್ದು ಇದೇ ನೀರಡಿಕೆಗಾಗಿ. 1963ರಲ್ಲಿ ಆ ನಗರದಲ್ಲಿ ಸೈನಿಕ ಶಾಲೆ ಆರಂಭವಾಯಿತು. ಕೊಡಗಿನ ಕೂಡಿಗೆಗೆ ಅಂಥ ಶಾಲೆ ಬಂದದ್ದು 2007ರಲ್ಲಿ. ಸೇನೆಗೆ ಹೋಗುವ ದಾರಿಯ ಲೆಕ್ಕ ಹೀಗೆ ಶಾಲೆಗಳಲ್ಲಿ ಸಿಗುತ್ತದೆ. ಮರಳಿ ಬಂದವನ ಲೆಕ್ಕ ಮನೆಯವರ ನೆನಪಿನಲ್ಲಿ ಮಾತ್ರ ಉಳಿದಿದೆ, ಆ ನೆನಪೂ ಮುದುಕರೊಂದಿಗೆ ಹೋಗುತ್ತಿದೆ.

ಆದ್ದರಿಂದ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ, ಮಲೆನಾಡಿನಲ್ಲಾಗಲಿ ಬಯಲುಸೀಮೆಯಲ್ಲಾಗಲಿ, ಅಜ್ಜಿಯ ಬಳಿ ಕುಳಿತು ಕೇಳಬೇಕು. ಅಜ್ಜ ಯಾವ ಪಲ್ಟನಿನಲ್ಲಿದ್ದರು ಎಂಬುದು ಬಿಡುಗಡೆ ಪುಸ್ತಕದಲ್ಲಿ ಬರೆದಿರುತ್ತದೆ. ಅದನ್ನು ಆಮೇಲೆ ನೋಡಿಕೊಳ್ಳಬಹುದು. ಎಪ್ಪತ್ತರ ದಶಕದ ಆರಂಭದ ಬರಗಾಲದಲ್ಲಿ ಅವರ ಮನಿಯಾರ್ಡರು ಎಷ್ಟು ತಿಂಗಳಿಗೊಮ್ಮೆ ಬರುತ್ತಿತ್ತು, ಅದರಲ್ಲಿ ಎಷ್ಟು ಜೋಳ ಕೊಳ್ಳಲಾಯಿತು? ಅವರಿಲ್ಲದ ವರ್ಷಗಳಲ್ಲಿ ಹೊಲ ಬಿತ್ತಿದವರು ಯಾರು? ಇಂದು ದ್ರಾಕ್ಷಿಗೆ ಹೆಸರಾದ ತಿಕೋಟಾದಲ್ಲಾದರೆ, ಅವರು ಬಂದ ಮೇಲೆ ಬಾವಿಯ ನೀರು ಎಷ್ಟು ಆಳದಲ್ಲಿತ್ತು? ಬಬಲೇಶ್ವರದ ಕಡೆಯಾದರೆ, ಡೋಣಿಯ ಪ್ರವಾಹದಲ್ಲಿ ಒಡ್ಡು ಒಡೆದಾಗ ಯಾರನ್ನು ಕೂಡಿಸಿಕೊಂಡು ಕಟ್ಟಿದರು? ಊರ ಪಂಚಾಯಿತಿಯಲ್ಲಿ ಯಾವ ಮಾತಿಗೆ ಜಗಳವಾಡಿದರು, ಯಾರೊಂದಿಗೆ ಕೊನೆಯವರೆಗೂ ಮಾತು ಬಿಟ್ಟರು?

ಅಜ್ಜಿ ಬಹುಶಃ ಮೊದಲು ನಗುವಳು. ಪುಸ್ತಕ, ಪೆನ್ಸಿಲು ಸಿದ್ಧವಿರಲಿ.