ವಾರಕ್ಕೊಂದು ಪ್ರಶ್ನೆ



ಗಡಹಿಂಗ್ಲಜದಲ್ಲಿ ಸಂಕೇಶ್ವರದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ರಾಜ್ಯ ಬದಲಾಗುತ್ತದೆ. ಬಸ್ಸಿನೊಳಗಿನ ಮಾತು ಬದಲಾಗುವುದಿಲ್ಲ. ಕೊಲ್ಹಾಪುರ ಜಿಲ್ಲೆಯ ಈ ಅಂಚಿನಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಕುಟುಂಬಗಳು ಬಹಳ. ಇಚಲಕರಂಜಿಯ ಮಗ್ಗದ ಓಣಿಗಳಲ್ಲೂ ಕರ್ನಾಟಕದ ಕಡೆಯಿಂದ ದುಡಿಮೆಗೆ ಬಂದು ನೆಲೆ ನಿಂತವರಿದ್ದಾರೆ. ಇಂಥ ಮನೆಯ ಮಗು ಕನ್ನಡ ಶಾಲೆಯಲ್ಲಿ ಮೂರನೆಯ, ನಾಲ್ಕನೆಯ ಇಯತ್ತೆಗೆ ಬಂದು, ಓದಿನ ಜೊತೆಗೆ ಮಾಹಿತಿ ಹುಡುಕಿ ಬರೆಯುವ ಮನೆಗೆಲಸವನ್ನೂ ತಂದಾಗ ತಾಯಿ-ತಂದೆ ಕೈಚೆಲ್ಲುತ್ತಾರೆ. "ನಾವು ಮರಾಠಿ ಸಾಳಿ ಕಲ್ತವರು, ಕನ್ನಡ ಓದಾಕ ಬರೂದಿಲ್ಲ. ಹ್ಯಾಂಗ ಹೇಳಿಕೊಡೂದು?" ಎನ್ನುತ್ತಾರೆ.

ಹೇಳಿಕೊಡಬೇಕಾಗಿಯೇ ಇಲ್ಲ. ಮಗು ಓದುವುದನ್ನು ದಿನವೂ ಕೂತು ಕೇಳಬೇಕು, ವಾರಕ್ಕೊಂದು ಪ್ರಶ್ನೆಯ ಬೆನ್ನು ಹತ್ತಲು ಜೊತೆಯಾಗಬೇಕು. ಮನೆಯವರ ಪಾಲಿನ ಕೆಲಸ ಇಷ್ಟೇ.

ಮಕ್ಕಳನ್ನು ಶಾಲೆಗೆ ಕರೆತರುವ ಪ್ರಯತ್ನ ಈ ನೆಲಕ್ಕೆ ಹೊಸದಲ್ಲ. ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರು 1917ರಲ್ಲೇ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದರು. ಮಕ್ಕಳನ್ನು ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ಬೀಳುತ್ತಿತ್ತು. ಮಗು ಶಾಲೆಗೆ ಬಂದು ಕೂತ ಮೇಲಿನ ಕೆಲಸದಲ್ಲಿ ಅರ್ಧ ಪಾಲು ಮನೆಯದು.

ಮೊದಲು ಓದಿನ ಮಾತು. ಕನ್ನಡದ ಮಗು 34 ವ್ಯಂಜನಗಳ ಜೊತೆಗೆ ನಾನೂರಕ್ಕೂ ಮಿಕ್ಕಿದ ಗುಣಿತಾಕ್ಷರಗಳ ಗುರುತು ಹಿಡಿಯಬೇಕು. ಅದರ ಮೇಲೆ ಒತ್ತಕ್ಷರ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಕ್ಷರಜ್ಞಾನ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುವುದು ಕಂಡುಬಂತು. ಮೂರನೆಯ ಇಯತ್ತೆಯ ಮಗು ಒತ್ತಕ್ಷರಕ್ಕೆ ಎಡವಿದರೆ ಅದು ದಡ್ಡತನವಲ್ಲ.

ಗಡಿಯ ಮಗುವಿಗೆ ಇನ್ನೊಂದು ತೊಡಕೂ ಇದೆ. 'ಸೂರ್ಯ' ಎಂದು ಬರೆಯುವಾಗ ಮೊದಲು ಕೇಳಿಸುವ ರಕಾರ ಕನ್ನಡದಲ್ಲಿ ಯಕಾರದ ನಂತರ ಅರ್ಕಾವೊತ್ತಾಗಿ ನಿಲ್ಲುತ್ತದೆ; ಮರಾಠಿಯಲ್ಲಿ ಅದೇ ರಕಾರ ಯಕಾರದ ನೆತ್ತಿಯ ಮೇಲೆ ಕೊಕ್ಕೆಯಾಗಿ ಕೂರುತ್ತದೆ. ಕನ್ನಡಕ್ಕೆ ಹ್ರಸ್ವ 'ಎ', ದೀರ್ಘ 'ಏ' ಎರಡೂ ಬೇಕು. ಮರಾಠಿ ಒಂದರಲ್ಲೇ ಸಾಗಿಸುತ್ತದೆ. ಹೀಗಾಗಿ 'ಎಲೆ' ಬರೆಯಲು ಹೋಗಿ 'ಏಲೆ' ಆಗುವುದುಂಟು. ಬೈಯುವ ಬದಲು ಎರಡೂ ಲಿಪಿಯಲ್ಲಿ ಆ ಪದವನ್ನು ಅಕ್ಕಪಕ್ಕ ಬರೆಸಿದರೆ ಮಗು ತಾನೇ ವ್ಯತ್ಯಾಸ ಹಿಡಿಯುತ್ತದೆ.

ಓದಲು ಪುಸ್ತಕವೆಲ್ಲಿ? ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಹೊರತರುತ್ತದೆ. ಅವನ್ನು ಮೊಬೈಲಿನಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಚಿತ್ರಕಥೆಗಳು ಕನ್ನಡದಲ್ಲೂ ಮರಾಠಿಯಲ್ಲೂ ಪುಕ್ಕಟೆ ಸಿಗುತ್ತವೆ. ತಾಯಿ ಮರಾಠಿಯಲ್ಲಿ ಓದಿ ಹೇಳಿದ ಕಥೆಯನ್ನೇ ಮಗು ಮರುದಿನ ಕನ್ನಡದಲ್ಲಿ ಗಟ್ಟಿಯಾಗಿ ಓದಲಿ. ಕಥೆ ಗೊತ್ತಿರುವುದರಿಂದ ಮಗುವಿಗೆ ಧೈರ್ಯ ಬರುತ್ತದೆ. ದಿನಕ್ಕೆ 15 ನಿಮಿಷ ಸಾಕು, ಆದರೆ ತಪ್ಪಬಾರದು. ಮಗು ಎಲ್ಲಿಗೆ ಬಂದಿದೆ ಎಂದು ತಿಳಿಯಲು, ಮಕ್ಕಳ ಓದಿನ ಮಟ್ಟ ಅಳೆಯುವ ಅಸರ್ ಸಮೀಕ್ಷೆಯವರ ಮೆಟ್ಟಿಲುಗಳು ಒಳ್ಳೆಯ ಅಳತೆ: ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೆಯ ತರಗತಿಯ ಮಟ್ಟದ ಪುಟ್ಟ ಕಥೆ.

ಇನ್ನು ಹುಡುಕಾಟ. ಇದಕ್ಕೆ ಪ್ರಶ್ನೆ ಮನೆಯ ಸುತ್ತಲಿನದೇ ಆಗಿರಲಿ.

ಗಡಹಿಂಗ್ಲಜದ ಮಗು ಕೇಳಬಹುದು: "ಅಜ್ಜಾ, ನಮ್ಮ ಹೊಳಿ ಎಲ್ಲಿಂದ ಬರತೈತಿ?" ಅಜ್ಜ ಆಂಬೋಲಿ ಘಟ್ಟ ಎನ್ನುತ್ತಾನೆ. ಅದನ್ನು ನಕಾಶೆಯಲ್ಲಿ ಹುಡುಕಬೇಕು. ಬೆರಳಿಟ್ಟು ಹಿರಣ್ಯಕೇಶಿಯ ಜಾಡು ಹಿಡಿದರೆ ಆಜರಾ, ಗಡಹಿಂಗ್ಲಜ, ಸಂಕೇಶ್ವರ ದಾಟಿ ಘಟಪ್ರಭೆ, ಅಲ್ಲಿಂದ ಮುಂದೆ ಕೃಷ್ಣೆ. ಅಜ್ಜನ ಮಾತು, ನಕಾಶೆ, ಕಣ್ಣಿಗೆ ಕಾಣುವ ಹೊಳೆ ಮೂರೂ ಒಂದಕ್ಕೊಂದು ತಾಳೆಯಾದವು.

ಇಚಲಕರಂಜಿಯ ಮಗುವಿಗೆ ಮಗ್ಗವಿದೆ. ಓದು ಬಾರದ ಅಪ್ಪನಿಗೂ ಇಲ್ಲಿ ಪಾಠ ಹೇಳಲು ಬರುತ್ತದೆ. ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡ ಬರುವುದು ಹೊಕ್ಕು, ಅದನ್ನು ಹೊತ್ತೊಯ್ಯುವುದು ಲಾಳಿ. ಮಗು ಚಿತ್ರ ಬರೆದು ಒಂದೊಂದು ಭಾಗಕ್ಕೂ ಹೆಸರು ಬರೆಯಲಿ. ಮುಂದಿನ ಪ್ರಶ್ನೆ: ಊರಿಗೆ ಮೊದಲ ವಿದ್ಯುತ್ ಮಗ್ಗ ತಂದವರು ಯಾರು? ಉತ್ತರ, 1904ರಲ್ಲಿ ವಿಠ್ಠಲರಾವ ದಾತಾರ. ಇದನ್ನು ಖಚಿತ ಮಾಡಿಕೊಳ್ಳಲು 1870ರಿಂದ ನಡೆದುಬಂದ ಆಪಟೆ ವಾಚನ ಮಂದಿರಕ್ಕೆ ಹೋಗಬಹುದು. ಕೊಲ್ಹಾಪುರದವರಿಗೆ 1850ರಲ್ಲಿ ಸ್ಥಾಪನೆಯಾದ ಕರವೀರ ನಗರ ವಾಚನ ಮಂದಿರವಿದೆ. ಗ್ರಂಥಾಲಯದಲ್ಲಿ ಪುಸ್ತಕವನ್ನು ತಾನೇ ಕೇಳಿ ಪಡೆಯುವುದೂ ಮಗುವಿಗೆ ಒಂದು ಕಲಿಕೆ.

ಕೊಲ್ಹಾಪುರದಲ್ಲಿ ಇನ್ನೂ ಸೊಗಸಾದ ಪ್ರಶ್ನೆಯಿದೆ: ಕೊಲ್ಹಾಪುರಿ ಚಪ್ಪಲಿ ಎಲ್ಲಿ ತಯಾರಾಗುತ್ತದೆ? ಹೆಸರಲ್ಲೇ ಉತ್ತರವಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಿಕೆ ದೊರೆತದ್ದು ಎಂಟು ಜಿಲ್ಲೆಗಳಿಗೆ ಸೇರಿ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಂಗಡಿಯವರನ್ನು ಕೇಳಿ, ಮುದ್ರಿತ ಮಾಹಿತಿ ಓದಿ, ಚಪ್ಪಲಿಯನ್ನೇ ತಿರುವಿ ಅದರ ತೊಗಲಿನ ಹೊಲಿಗೆ ನೋಡಿದ ಮಗುವಿಗೆ, ಎಲ್ಲರೂ ಹೇಳುವ ಮಾತನ್ನೂ ಒಮ್ಮೆ ಪರೀಕ್ಷಿಸಬೇಕೆಂಬ ಅರಿವು ಮೂಡುತ್ತದೆ.

ಟಿಪ್ಪಣಿ ಮಾಡುವ ಶಿಸ್ತಿಗೆ ಇದೇ ಊರಿನಲ್ಲಿ ಮೇಲ್ಪಂಕ್ತಿಯಿದೆ. ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಪ್ರೊ. ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಗ್ರಂಥವಾಗಿ ಹೊರತಂದರು. ಶಾಸನ ಓದುವವರು ಕಲ್ಲಿನ ಮೇಲೆ ಇದ್ದುದನ್ನು ಇದ್ದ ಹಾಗೆ ಬರೆದುಕೊಳ್ಳುತ್ತಾರೆ. ಅಕ್ಷರ ಸವೆದು ಹೋಗಿದ್ದರೆ ಆ ಜಾಗವನ್ನು ಚುಕ್ಕಿ ಇಟ್ಟು ಬಿಡುತ್ತಾರೆ. ಮಗುವಿನ ವಹಿಗೂ ಇದೇ ನಿಯಮ ಸಲ್ಲುತ್ತದೆ. ಯಾರು ಹೇಳಿದರು, ಯಾವ ಪುಸ್ತಕದಲ್ಲಿತ್ತು ಎಂದು ಪಕ್ಕದಲ್ಲಿ ಬರೆಯಬೇಕು. ಅಜ್ಜ ಒಂದು ಇಸವಿ, ಪುಸ್ತಕ ಇನ್ನೊಂದು ಇಸವಿ ಹೇಳಿದರೆ ಎರಡನ್ನೂ ಬರೆಯಬೇಕು. ಸಿಗದ ಉತ್ತರದ ಜಾಗ ಖಾಲಿ ಇರಲಿ.

ವಾರದ ಲೆಕ್ಕ ಹೀಗಿಟ್ಟುಕೊಳ್ಳಬಹುದು. ಸೋಮವಾರ ಪ್ರಶ್ನೆ ಬರೆಯುವುದು. ಮಂಗಳವಾರ, ಬುಧವಾರ ಮನೆಯವರನ್ನೂ ನೆರೆಯವರನ್ನೂ ಕೇಳುವುದು. ಗುರುವಾರ, ಶುಕ್ರವಾರ ಪುಸ್ತಕ, ನಕಾಶೆ, ಮೊಬೈಲು. ಶನಿವಾರ ಐದೇ ವಾಕ್ಯ, ಮಗುವಿನ ಸ್ವಂತ ಮಾತಿನಲ್ಲಿ. ಮೊಬೈಲಿನಿಂದ ಇಡೀ ಪುಟ ನಕಲು ಮಾಡಿದರೆ ಪುಟ ಮುಚ್ಚಿಸಿ "ಈಗ ನೀ ಹೇಳು" ಎಂದರೆ ಸಾಕು. ಮಗು ಹೇಳಿದ್ದನ್ನೇ ಬರೆಯಲಿ. ಭಾನುವಾರ ಆ ಐದು ವಾಕ್ಯಗಳನ್ನು ಎಲ್ಲರ ಮುಂದೆ ಓದಿ ತೋರಿಸುವುದು.

ಈ ವಾರವೇ ತೊಡಗುವವರಿಗೆ ಒಂದು ಪ್ರಶ್ನೆ: ಸಂತೆಯಿಂದ ತರುವ ಸಂಕೇಶ್ವರಿ ಮೆಣಸಿನಕಾಯಿ ಯಾವ ಯಾವ ಊರಿನ ಹೊಲದಲ್ಲಿ ಬೆಳೆಯುತ್ತದೆ? ಮೊದಲು ಅಡುಗೆಮನೆಯಲ್ಲಿ ಅವ್ವನನ್ನು ಕೇಳಲಿ, ಆಮೇಲೆ ಸಂತೆಯಲ್ಲಿ ಮಾರುವವರನ್ನು.